ಉಪಗ್ರಹದ ಮಾಹಿತಿಯಿಂದ ರೋಗದ ಮುನ್ಸೂಚನೆ ಹೇಗೆ ಸಾಧ್ಯ?

ಪ್ರಶ್ನೆ:
ಸೊಳ್ಳೆಯನ್ನಾಗಲಿ ವೈರಾಣುವನ್ನಾಗಲಿ ಕಾಣಲಾರದ ಉಪಗ್ರಹವು, ರೋಗ ಎಲ್ಲಿ ತಲೆದೋರಬಹುದೆಂಬುದನ್ನು ಮುಂಚೆಯೇ ಸೂಚಿಸಬಲ್ಲದು ಎಂದು ಓದಿದೆ. ಅದು ನಿಜವಾಗಿ ಅಳೆಯುವುದೇನನ್ನು? ರೋಗಿಗಳ ವಿಳಾಸಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಸಾಲದೇ?

ಉತ್ತರ 1:
ರೋಗವಾಹಕ ಕೀಟಕ್ಕೆ ಒದಗಿಬರುವ ಪರಿಸರವನ್ನು ಅದು ಅಳೆಯುತ್ತದೆ. ಪೂರ್ವ ಆಫ್ರಿಕಾದ ರಿಫ್ಟ್ ವ್ಯಾಲಿ ಜ್ವರವನ್ನೇ ನೋಡಿ. ಅಲ್ಲಿನ ತಗ್ಗು ಹುಲ್ಲುಗಾವಲುಗಳ ಮಣ್ಣಿನಲ್ಲಿ ಈಡಿಸ್ ಸೊಳ್ಳೆಗಳ ಮೊಟ್ಟೆಗಳು, ಕೆಲವು ವೈರಾಣುವನ್ನೂ ಒಳಗಿಟ್ಟುಕೊಂಡು, ಮಳೆಯಿಲ್ಲದ ಕಾಲವನ್ನು ಕಳೆಯುತ್ತವೆ. ವಾಡಿಕೆ ಮೀರಿದ ಮಳೆ ಬಹುದಿನ ಸುರಿದು ತಗ್ಗುಗಳು ತುಂಬಿದಾಗ ಆ ಮೊಟ್ಟೆಗಳು ಒಮ್ಮೆಲೇ ಒಡೆಯುತ್ತವೆ, ಆಗ ದನಕುರಿಗಳಿಗೂ ಅವುಗಳ ಮೂಲಕ ಮನುಷ್ಯರಿಗೂ ಸೋಂಕು ತಗಲುತ್ತದೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ ಸಮೀಪ-ಅವಕೆಂಪು ಕಿರಣಗಳನ್ನು ಪ್ರತಿಫಲಿಸುವುದರಿಂದ, ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ನೆಲ ಎಷ್ಟು ಹಸಿರಾಗಿದೆ ಎಂದು ತಿಳಿಸುವ ಸಸ್ಯ ಸೂಚ್ಯಂಕ ಸಿಗುತ್ತದೆ. ಒಣನೆಲದಲ್ಲಿ ಈ ಸೂಚ್ಯಂಕ ಏರಿದರೆ ಮಣ್ಣು ನೆನೆದಿದೆ ಎಂದರ್ಥ. ಇದನ್ನು ಮಳೆ ಹಾಗೂ ಸಮುದ್ರದ ಮೇಲ್ಮೈ ಉಷ್ಣತೆಯ ಮಾಹಿತಿಯೊಂದಿಗೆ ಹೊಂದಿಸಿ, 2006ರ ಕೊನೆಯಲ್ಲಿ ರೋಗ ಕಾಣಿಸಿಕೊಳ್ಳುವ 2ರಿಂದ 6 ವಾರ ಮೊದಲೇ ಎಚ್ಚರಿಕೆ ನೀಡಲಾಗಿತ್ತು.

ಉತ್ತರ 2:
ವಿಳಾಸಗಳ ನಕ್ಷೆಯೂ ಬೇಕು, ಆದರೆ ಅದನ್ನು ಓದುವುದು ಸುಲಭವಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಲಿನ ಕಾಲರಾ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿದ ವೈದ್ಯ ಜಾನ್ ಸ್ನೋ, ಗುರುತುಗಳು ದಟ್ಟವಾಗಿರುವುದನ್ನು ಕಂಡು ಅಲ್ಲಿಗೇ ನಿಲ್ಲಲಿಲ್ಲ. ರೋಗದ ಮೂಲವೆಂದು ಶಂಕಿಸಿದ ಆ ಬೀದಿಯ ನೀರಿನ ಪಂಪಿಗೂ ಸುತ್ತಲಿನ ಪಂಪುಗಳಿಗೂ ಬೀದಿಯಲ್ಲಿ ನಡೆದುಹೋದರೆ ಸಮದೂರವಾಗುವ ಗಡಿಯನ್ನು ಎಳೆದರು, ಹತ್ತಿರದ ಮದ್ಯ ತಯಾರಿಕಾ ಘಟಕದ ಕೆಲಸಗಾರರು ಹೇಗೆ ಪಾರಾದರೆಂದೂ ವಿಚಾರಿಸಿದರು. (ನಕ್ಷೆ ನೋಡಿ ಪಂಪಿನ ಹಿಡಿ ತೆಗೆಸಿದರೆಂಬ ಕಥೆ ಜನಪ್ರಿಯವಾದರೂ, ನಕ್ಷೆ ಪ್ರಕಟವಾದದ್ದು ಹಿಡಿ ತೆಗೆದ ಮೇಲೆ.) ವಿಳಾಸವು ರೋಗಿ ಮಲಗುವ ಜಾಗವನ್ನು ಹೇಳುತ್ತದೆ, ಸೋಂಕು ತಗಲಿದ್ದು ಹೊಲದಲ್ಲೋ ಕಾಡಿನಲ್ಲೋ ಪ್ರಯಾಣದಲ್ಲೋ ಇರಬಹುದು.

ಪ್ರಶ್ನೆ ಕೇಳಿದವರು:
ಹಾಗಾದರೆ ಜಿಲ್ಲಾವಾರು ಬಣ್ಣ ಹಚ್ಚಿದ ನಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ 3:
ಎಚ್ಚರದಿಂದ ನೋಡಬೇಕು. ಬರಿಯ ಪ್ರಕರಣಗಳ ಸಂಖ್ಯೆಗೆ ಬಣ್ಣ ಹಚ್ಚಿದರೆ ಅದು ಬಹುತೇಕ ಜನಸಂಖ್ಯೆಯ ನಕ್ಷೆಯೇ ಆಗುತ್ತದೆ, ಆದ್ದರಿಂದ ಲಕ್ಷ ಜನರಿಗೆ ಎಷ್ಟು ಎಂಬ ದರ ಬೇಕು. ಜನ ವಿರಳವಾಗಿರುವಲ್ಲಿ ಎರಡು ಮೂರು ಪ್ರಕರಣಗಳಿಂದಲೇ ಆ ದರವೂ ಜಿಗಿಯುತ್ತದೆ. ಗಡಿಗಳನ್ನು ಬೇರೆ ರೀತಿ ಎಳೆದರೆ ಅದೇ ಅಂಕಿಗಳಿಂದ ಬೇರೆಯೇ ಚಿತ್ರ ಮೂಡಬಹುದು. ಪರೀಕ್ಷಾ ಸೌಲಭ್ಯವಿಲ್ಲದ ಜಿಲ್ಲೆ ಅಂಥ ನಕ್ಷೆಯಲ್ಲಿ ಆರೋಗ್ಯವಂತ ಜಿಲ್ಲೆಯಂತೆಯೇ ತಿಳಿಬಣ್ಣದಲ್ಲಿರುತ್ತದೆ. ನಾನಾದರೆ ಮೊದಲು ಪ್ರಯೋಗಾಲಯಗಳು ಎಲ್ಲಿವೆ ಎಂದು ನೋಡುತ್ತೇನೆ.