ಸಹಾಯ ಬೇಕು: ಅಪ್ಪನ ಹಿಯರಿಂಗ್ ಏಡ್‌ಗೆ ಇನ್ಶೂರೆನ್ಸ್ ಸಿಗುತ್ತಾ?

ಅಪ್ಪನಿಗೆ 74 ವರ್ಷ, ಎರಡೂ ಕಿವಿ ಮಂದ. ಆಡಿಯೋಗ್ರಾಂನಲ್ಲಿ (ಕಿವಿ ಪರೀಕ್ಷೆಯ ನಕ್ಷೆ) 55 ಡೆಸಿಬಲ್ ಆಸುಪಾಸು ಬಂದಿದೆ, ಅಂದರೆ ಮಾಮೂಲಿ ದನಿಯ ಮಾತೂ ಸರಿಯಾಗಿ ಕೇಳಿಸಲ್ಲ. ವಯಸ್ಸಾಗಿ ಒಳಕಿವಿಯ ಕೋಶಗಳು ಸವೆದಿವೆ, ಮಾತ್ರೆಯಿಂದ ಸರಿಹೋಗಲ್ಲ, ಎರಡೂ ಕಿವಿಗೆ ಮೆಷಿನ್ ಹಾಕಿಸಿ ಅಂತ ಆಡಿಯಾಲಜಿಸ್ಟ್ ಹೇಳಿದರು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅಪ್ಪ ಸುಮ್ನೆ ಹೂಂ ಹೂಂ ಅಂತ ತಲೆಯಾಡಿಸುತ್ತಾರೆ, ಏನೂ ಕೇಳಿಸಿರುವುದಿಲ್ಲ.

ಪಾಲಿಸಿ ತೆಗೆದು ನೋಡಿದರೆ, ಕವರ್ ಆಗದ ವಸ್ತುಗಳ ಪಟ್ಟಿಯಲ್ಲಿ ಕನ್ನಡಕದ ಪಕ್ಕದಲ್ಲೇ ಹಿಯರಿಂಗ್ ಏಡ್ ಕೂತಿದೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಸಾಧನ) ಆದರೆ ಸರ್ಜರಿ ಅಂತ ಕೆಲವು ಪಾಲಿಸಿಗಳು ದುಡ್ಡು ಕೊಡುತ್ತವೆ, ಆದರೆ ಅದು ಮೆಷಿನ್ ಹಾಕಿದರೂ ಪ್ರಯೋಜನ ಆಗದವರಿಗೆ. ವಿಚಿತ್ರ ಅಲ್ವಾ?

ಗೊತ್ತಿರುವವರು ಹೇಳಿ. ರೈಡರ್ (ಪಾಲಿಸಿಗೆ ಹೆಚ್ಚು ದುಡ್ಡು ಕಟ್ಟಿ ಸೇರಿಸುವ ಸೌಲಭ್ಯ) ಅಥವಾ ಓಪಿಡಿ ಕವರ್‌ನಲ್ಲಿ (ಆಸ್ಪತ್ರೆಗೆ ದಾಖಲಾಗದೆ ತೋರಿಸಿಕೊಳ್ಳುವ ಖರ್ಚಿಗೆ ಕೊಡುವುದು) ಯಾರಿಗಾದರೂ ದುಡ್ಡು ವಾಪಸ್ ಬಂದಿದೆಯಾ? ಮೆಷಿನ್‌ಗೆ ಕೊಡದಿದ್ದರೂ ಪರೀಕ್ಷೆ, ಫಿಟ್ಟಿಂಗ್‌ಗೆ ಬೇರೆ ಬಿಲ್ ಮಾಡಿಸಿದರೆ ಅಷ್ಟಾದರೂ ಸಿಗುತ್ತಾ? ಈಗ ರೈಡರ್ ತಗೊಂಡರೆ ಮೊದಲೇ ಇದ್ದ ತೊಂದರೆ ಅಂತ ತಳ್ಳಿಹಾಕುತ್ತಾರಾ? ಇದು ಒಂದು ಸಲದ ಖರ್ಚಲ್ಲ, ಬ್ಯಾಟರಿ, ರಿಪೇರಿ, ಕೆಲವು ವರ್ಷಕ್ಕೆ ಹೊಸ ಜೋಡಿ ಬೇರೆ. ಸ್ವಂತ ಕ್ಲೇಮ್ ಮಾಡಿದವರು ಯಾವ ಕಾಗದ ಕೊಟ್ಟಿರಿ ಅಂತ ಬರೆದರೆ ಸಾಕು. ಏಜೆಂಟ್ ನಂಬರ್ ಮಾತ್ರ ಬೇಡ, ದಯವಿಟ್ಟು.