ಆಫೀಸಿನವರು ರೈತರ ಮಳಿಗೆಗೆ ಯಾಕೆ ಹೋಗ್ಬೇಕು ಅಂದ್ಯಲ್ಲ ಪುಟ್ಟ, ಅದಕ್ಕೆ

ಪುಟ್ಟ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಹಾಕಿದ್ದನ್ನ ಈಗ ಕೇಳಿಸ್ಕೊಂಡೆ. "ಆಫೀಸ್ ಪಕ್ಕ ಹಾಪ್‌ಕಾಮ್ಸ್ ಇದೆ ಅಂತ ಅಲ್ಲೇ ತರಕಾರಿ ತಗೋಬೇಕು ಅಂತೇನಿದೆ ಅತ್ತೆ, ಆ್ಯಪಲ್ಲಿ ಹತ್ತು ನಿಮಿಷಕ್ಕೆ ಮನೆಗೇ ಬರುತ್ತೆ" ಅಂದೆ. ಅದನ್ನ ಕೇಳಿ ಮಾಲೂರಲ್ಲಿ ತರಕಾರಿ ಬೆಳೆಯೋ ನಿಮ್ಮ ದೊಡ್ಡಪ್ಪ ಬರೀ ಕೈಮುಗಿಯೋ ಚಿತ್ರ ಹಾಕಿ ಸುಮ್ಮನಾದ್ರು. ಅವರು ವಾದ ಮಾಡಲ್ಲ. ನಾನು ಮಾಡ್ತೀನಿ. ಇಷ್ಟೆಲ್ಲಾ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಮಾತಲ್ಲೇ ಹೇಳ್ತೀನಿ, ಮಧ್ಯ ನಿಲ್ಲಿಸ್ದೆ ಪೂರ್ತಿ ಕೇಳು.

ಮೊದಲು, ಆ ಮಳಿಗೆ ಯಾರದ್ದು ಅಂತ ತಿಳ್ಕೋ. ನೀನು ಅದನ್ನ ಸರ್ಕಾರಿ ಅಂಗಡಿ ಅಂದ್ಕೊಂಡಿದ್ದೀಯ. ಅಲ್ಲ ಕಣೋ. ಅದು ಬೆಳೆಗಾರರ ಸಹಕಾರ ಸಂಘ. 1959ರಲ್ಲಿ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರನ್ನ ಸೇರಿಸಿಕೊಂಡು ಶುರುವಾದದ್ದು, ತೋಟಗಾರಿಕೆ ಇಲಾಖೆಯ ಎಂ.ಎಚ್. ಮರೀಗೌಡರು ಮುಂದೆ ನಿಂತು ಕಟ್ಟಿಸಿದ್ದು. ದ್ರಾಕ್ಷಿ ಕಿತ್ತ ಮೇಲೆ ಇಟ್ಕೊಂಡು ಕೂರೋ ಹಾಗಿಲ್ಲ, ವ್ಯಾಪಾರಿ ಹೇಳಿದ್ದೇ ರೇಟು. ಆ ಕಷ್ಟಕ್ಕೆ ಹುಟ್ಟಿದ ಸಂಘ ಆಮೇಲೆ ತರಕಾರಿ, ಬೇರೆ ಹಣ್ಣು ಎಲ್ಲಾ ಸೇರಿಸ್ಕೊಂಡು ಹಾಪ್‌ಕಾಮ್ಸ್ ಅನ್ನೋ ಈಗಿನ ಹೆಸರು ಪಡೀತು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ ಕಡೆ ರೈತರೇ ಅದರ ಸದಸ್ಯರು. ದಿನಾ ಬೆಳಿಗ್ಗೆ ರೇಟು ನಿಗದಿ ಆಗುತ್ತೆ, ಅದನ್ನ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. ತಕ್ಕಡೀಲಿ ಮೋಸ ಇಲ್ಲ ಅಂತ ನಮ್ಮಮ್ಮ ಅಲ್ಲಿಗೇ ಹೋಗ್ತಿದ್ರು, ನಿನಗೆ ನೆನಪಿರಲಿಕ್ಕಿಲ್ಲ.

ಈಗ ದುಡ್ಡಿನ ವಿಷಯ. 2024ರಲ್ಲಿ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ಪ್ರಕಟ ಮಾಡಿದ್ರು. ಟೊಮ್ಯಾಟೊಗೆ ನಾವು ಕೊಡೋ ಒಂದು ರೂಪಾಯೀಲಿ ರೈತನಿಗೆ ಸೇರೋದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಬಾಳೆಹಣ್ಣಿಗೆ ಇನ್ನೂ ಕಮ್ಮಿ, 31. ಮಿಕ್ಕಿದ್ದೆಲ್ಲ ಮಂಡಿ ಕಮಿಷನ್ನು, ಹಮಾಲಿ, ಲಾರಿ ಬಾಡಿಗೆ, ಕೊಳೆತು ಹೋಗೋದು, ಆಮೇಲೆ ಒಂದರ ಮೇಲೊಂದು ಕೈ ಬದಲಾಗೋದು. ಅವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ, ಅವರ ಕೆಲಸಕ್ಕೂ ಖರ್ಚಿದೆ. ಆದ್ರೆ ಮಧ್ಯ ಎಷ್ಟು ಕೈ ಕಮ್ಮಿಯಾಗುತ್ತೋ ಅಷ್ಟು ಬೆಳೆದವನ ಕಡೆ ಹೋಗೋಕೆ ದಾರಿ ಇರುತ್ತೆ.

ನಿಮ್ಮ ದೊಡ್ಡಪ್ಪನ್ನೇ ಕೇಳು. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಟಿವೀಲಿ, ಪೇಪರಲ್ಲಿ ಎಲ್ಲಾ ಕಡೆ ಟೊಮ್ಯಾಟೊ ಸುದ್ದೀನೇ. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು, ಆಗ ಯಾರೂ ಸುದ್ದಿ ಎತ್ತಲಿಲ್ಲ. ಇಷ್ಟು ಏರಿಳಿತದಲ್ಲಿ ಸಾಲ ತಂದು ಸಸಿ ಹಾಕಿ, ಕೋಲು ನೆಟ್ಟು, ಔಷಧಿ ಹೊಡೆದು ಬೆಳೀಬೇಕು. ಹಣ್ಣಾದ ಟೊಮ್ಯಾಟೊ ನಾಲ್ಕು ದಿನ ಕಾಯಲ್ಲ. ಮಾರೋಕೆ ಒಂದೇ ಜಾಗ ಇದ್ರೆ ಅಲ್ಲಿ ಕೊಟ್ಟಷ್ಟು ಇಸ್ಕೊಂಡು ಬರ್ಬೇಕು.

ನಾನು ಹೇಳ್ಬೇಕು ಅಂತಿರೋದು ಇದೇ ಪುಟ್ಟ. ಆ್ಯಪ್ ಬಿಟ್ಟುಬಿಡು ಅಂತ ನಾನು ಹೇಳಲ್ಲ. ನಿಮ್ಮ ದೊಡ್ಡಪ್ಪ ತಾವೇ ಒಂದು ಕಂಪನಿಯ ಕಲೆಕ್ಷನ್ ಸೆಂಟರಿಗೆ ಬೀನ್ಸು, ಕ್ಯಾಪ್ಸಿಕಂ ಹಾಕ್ತಾರೆ, ದುಡ್ಡು ಬ್ಯಾಂಕಿಗೆ ಬೇಗ ಬರುತ್ತೆ ಅಂತ ಅವರಿಗೆ ಇಷ್ಟಾನೇ. ಆದ್ರೆ ಅಲ್ಲಿ ಗ್ರೇಡಿಂಗ್ ಇದೆ. ಒಂದೇ ಸೈಜು, ಒಂದೇ ಬಣ್ಣ, ಚುಕ್ಕೆ ಇರ್ಬಾರ್ದು. ಹಾಗಿಲ್ಲ ಅಂತ ಅವರು ಬೇಡ ಅಂದ ಮಾಲು ರುಚೀಲಿ ಏನೂ ಕಮ್ಮಿ ಇರಲ್ಲ, ಅದು ಎಲ್ಲಿ ಹೋಗ್ಬೇಕು? ಮಂಡಿ ಒಂದು ಬಾಗಿಲು, ಕಂಪನಿ ಒಂದು ಬಾಗಿಲು, ರೈತರದ್ದೇ ಆದ ಇನ್ನೊಂದು ಬಾಗಿಲೂ ತೆರೆದಿದ್ರೆ ಯಾರೊಬ್ಬರೂ ಅವರ ಕೈ ಕಟ್ಟಿಹಾಕೋಕಾಗಲ್ಲ. ಆ ಬಾಗಿಲು ಮುಚ್ಚಿಹೋದ್ರೆ ಮತ್ತೆ ತೆರೆಯೋದು ಕಷ್ಟ. ಹಾಪ್‌ಕಾಮ್ಸ್ ಮಳಿಗೆಗಳು ಮೊದಲಿನಷ್ಟು ಈಗಿಲ್ಲ, ಕಮ್ಮಿಯಾಗ್ತಾ ಬಂದಿವೆ, ನೀನೇ ನೋಡ್ತಿದ್ದೀಯ.

ಇದರಲ್ಲಿ ಆಫೀಸಿನವರು ಯಾಕೆ ಅಂದ್ರೆ, ಎಂ.ಜಿ. ರೋಡು, ವಿಧಾನಸೌಧ, ಕೆ.ಜಿ. ರೋಡು ಸುತ್ತ ಮನೆಗಳೆಷ್ಟಿವೆ ಹೇಳು? ಹಗಲಲ್ಲಿ ಜನ ಜಾತ್ರೆ, ರಾತ್ರಿ ಎಲ್ಲಾ ಖಾಲಿ. ಜಯನಗರದ ಮಳಿಗೆಗೆ ಅಕ್ಕಪಕ್ಕದ ಮನೆಯವರಿದ್ದಾರೆ. ಪೇಟೆ ನಡುವಿನ ಮಳಿಗೆಗೆ ನಾವೇ, ಅಂದ್ರೆ ಬೆಳಿಗ್ಗೆ ಬಂದು ಸಂಜೆ ಮೆಟ್ರೋ ಹತ್ತೋರು. ಲಾಕ್‌ಡೌನಲ್ಲಿ ಆಫೀಸುಗಳು ಬಾಗಿಲು ಹಾಕಿದಾಗ ಆ ಕಡೆ ವ್ಯಾಪಾರ ಏನಾಯ್ತು ಅಂತ ನನಗೆ ಕಣ್ಣಾರೆ ಗೊತ್ತು. ಆಗ ಹಾಪ್‌ಕಾಮ್ಸ್‌ನವರು ಗಾಡೀಲಿ ತರಕಾರಿ ತುಂಬಿಕೊಂಡು ಬಡಾವಣೆಗಳಿಗೆ ಹೋದ್ರು.

ಮೇ ತಿಂಗಳಲ್ಲಿ ಲಾಲ್‌ಬಾಗ್ ಮಾವಿನ ಮೇಳಕ್ಕೆ ನಾವೆಲ್ಲ ಕುಟುಂಬ ಸಮೇತ ಹೋಗ್ತೀವಲ್ಲ. ರಾಮನಗರ, ಕೋಲಾರದ ಬೆಳೆಗಾರರೇ ಕೂತಿರ್ತಾರೆ, ಕಾರ್ಬೈಡ್ ಹಾಕ್ದೆ ಹಣ್ಣು ಮಾಡಿರ್ತಾರೆ, ಬಾದಾಮಿ, ರಸಪುರಿ, ಮಲ್ಲಿಕಾ ಅಂತ ಕೈ ತುಂಬ ತರ್ತೀವಿ. ತುಂಬ ಒಳ್ಳೇದು. ಆದ್ರೆ ಸೊಪ್ಪು, ಬೀನ್ಸು, ಬದನೆಕಾಯಿ ವರ್ಷಪೂರ್ತಿ ಬರುತ್ತೆ. ವರ್ಷಕ್ಕೊಂದು ಸಲದ ಉತ್ಸಾಹದಿಂದ ಮಳಿಗೆ ನಡೆಯಲ್ಲ. ಇವತ್ತು ತಂದ ದಂಟಿನ ಸೊಪ್ಪು ಸಂಜೆಯೊಳಗೆ ಹೋಗ್ಲಿಲ್ಲ ಅಂದ್ರೆ ಅದು ನಷ್ಟ, ಆ ನಷ್ಟ ನಾಳೆಯ ರೇಟಿಗೆ ಸೇರುತ್ತೆ, ರೇಟು ಜಾಸ್ತಿ ಅಂತ ಇನ್ನಿಬ್ಬರು ಬರೋದು ಬಿಡ್ತಾರೆ. ಅದಕ್ಕೇ ವಾರದಲ್ಲಿ ಗೊತ್ತಾದ ದಿನ ಬಂದು ಅರ್ಧ ಕೆ.ಜಿ. ಬೀನ್ಸು, ಎರಡು ಕಟ್ಟು ಸೊಪ್ಪು ಒಯ್ಯೋ ಗಿರಾಕಿನೇ ಅವರಿಗೆ ದೊಡ್ಡ ಗಿರಾಕಿ.

ಅಲ್ಲಿರೋದೆಲ್ಲ ಕೊಳ್ಳಬೇಕು ಅಂತಿಲ್ಲ. ಸೇಬು, ಕಿವಿ ಹಣ್ಣು ನಮ್ಮ ಕಡೆ ಬೆಳೆಯಲ್ಲ, ಅದನ್ನ ಅಲ್ಲಿ ತಗೊಂಡ್ರೆ ನಮ್ಮ ಸುತ್ತಿನ ರೈತನಿಗೇನೂ ಸಿಗಲ್ಲ. ಸೊಪ್ಪು, ಟೊಮ್ಯಾಟೊ, ಹುರುಳಿಕಾಯಿ, ನೀಲಿ ದ್ರಾಕ್ಷಿ, ಕಾಲಕ್ಕೆ ಅವರೆಕಾಯಿ, ಇವನ್ನ ನೋಡು. ನೀಲಿ ದ್ರಾಕ್ಷಿ ನಮ್ಮ ಬೆಂಗಳೂರು ಸುತ್ತಿನ ಹಣ್ಣು. ದೇವನಹಳ್ಳಿ ಚಕ್ಕೋತಕ್ಕೆ ಜಿಐ, ಅಂದ್ರೆ ಆ ಊರಿನದ್ದೇ ವಿಶೇಷ ಬೆಳೆ ಅನ್ನೋ ಮಾನ್ಯತೆ ಸಿಕ್ಕಿದೆ, ಆದ್ರೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಭೂಮಿ ಬೆಲೆ ಎಲ್ಲಿಗೆ ಹೋಯ್ತು ಅಂತ ನಿನಗೆ ನಾನು ಹೇಳ್ಬೇಕಾ. ತೋಟದಲ್ಲಿ ಆದಾಯ ಕಾಣ್ದೆ ಇದ್ರೆ ಯಾರು ಸೈಟು ಮಾಡ್ದೆ ಇರ್ತಾರೆ? ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಇದಕ್ಕೆ.

ಪಕ್ಕದ ರಾಜ್ಯದವರು ಇದನ್ನ ನಮಗಿಂತ ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್ ಶುರುವಾಯ್ತು, ಅದೇ ವರ್ಷ ಮಧುರೈನಲ್ಲಿ ಉಳವರ್ ಸಂದೈ. ಗುರುತಿನ ಚೀಟಿ ಇರೋ ರೈತರೇ ಕೂತು ಮಾರ್ತಾರೆ, ಬೆಲೆ ಬೋರ್ಡಲ್ಲಿ ಬರೆದಿರ್ತಾರೆ. ಊರಿನ ಒಳಗೇ ಜಾಗ ಕೊಟ್ಟಿದ್ದಾರೆ, ಜನ ದಿನಾ ಹೋಗ್ತಾರೆ.

ನೀನು ಒಬ್ಬನೇ ಕೊಳ್ಳೋದಕ್ಕಿಂತ ದೊಡ್ಡ ಕೆಲಸ ಒಂದಿದೆ. ನಿಮ್ಮ ಆಫೀಸಲ್ಲಿ ಮೀಟಿಂಗಿಗೆ ಹಣ್ಣು ತರಿಸ್ತಾರೆ, ಕ್ಯಾಂಟೀನಿಗೆ ದಿನಾ ತರಕಾರಿ ಬರುತ್ತೆ. ಅಡ್ಮಿನ್ ಅವರನ್ನ ಒಂದು ಮಾತು ಕೇಳು, ವಾರಕ್ಕಿಷ್ಟು ಬಾಳೆಹಣ್ಣು, ಪಪ್ಪಾಯ, ಸೌತೆಕಾಯಿ ಆ ಮಳಿಗೆಯಿಂದ ತಗೋಳಕ್ಕಾಗುತ್ತಾ ಅಂತ. ಮುಂಚೇನೇ ಗೊತ್ತಿರೋ ಆರ್ಡರ್ ಅಂದ್ರೆ ಮಾಲು ಕೊಳೆಯಲ್ಲ, ಮಳಿಗೆಯವರು ರೈತನ ಹತ್ರ ಅಷ್ಟನ್ನ ಧೈರ್ಯವಾಗಿ ಕೊಳ್ಳಬಹುದು.

ಇನ್ನು ಸಮಯ ಇಲ್ಲ ಅನ್ನೋದು. ಸಂಜೆ ಹೋಗಬೇಡ, ಸೊಪ್ಪು ಬಾಡಿರುತ್ತೆ, ಆಮೇಲೆ ಚೆನ್ನಾಗಿಲ್ಲ ಅಂತೀಯ. ಊಟದ ಹೊತ್ತಿಗೆ ಹೋಗು. ಬಟ್ಟೆ ಚೀಲ ಇರ್ಲಿ, ಸೊಪ್ಪನ್ನ ಒದ್ದೆ ಪೇಪರಲ್ಲಿ ಸುತ್ತಿ ಮೇಜಿನ ಕೆಳಗಿಡು, ಸಂಜೆವರೆಗೂ ಏನೂ ಆಗಲ್ಲ, ನಾನು ಹಾಗೇ ಮಾಡ್ತೀನಿ. ಬುಧವಾರ ನನಗೆ ನಿಮ್ಮ ಆಫೀಸ್ ಕಡೆ ಕೆಲಸ ಇದೆ, ಒಂದು ಗಂಟೆಗೆ ಕೆಳಗಿಳಿದು ಬಾ, ಇಬ್ಬರೂ ಹೋಗೋಣ. ಅಷ್ಟರೊಳಗೆ ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡು, ಗ್ರೂಪಲ್ಲಿ ಅಲ್ಲ, ನೇರವಾಗಿ. ಈ ಸಲ ಬೀನ್ಸು ಹೆಂಗಿದೆ ಅಂತ ಕೇಳು.