ಯಾವ ಎಣ್ಣೆ, ಎಷ್ಟು? ತುಮಕೂರಿನವರು ಸ್ವಲ್ಪ ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ತುಮಕೂರಿನ ಶಿರಾ ಗೇಟ್ ಹತ್ತಿರ. ಯಜಮಾನರಿಗೆ 46 ವರ್ಷ. ಹೊಟ್ಟೆ ಮುಂದೆ ಬಂದಿದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 260, ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್. ಡಾಕ್ಟರು "ಎಣ್ಣೆ ಕಡಿಮೆ ಮಾಡಿ" ಅಂದರು, ಅಷ್ಟೇ. ಯಾವ ಎಣ್ಣೆ, ಎಷ್ಟು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಮನೆಯಲ್ಲೀಗ ಎರಡು ಪಾರ್ಟಿ. ಅತ್ತೆ ತಿಪಟೂರಿನವರು, ಗಾಣದ ಕೊಬ್ಬರಿ ಎಣ್ಣೆ ಎಷ್ಟು ತಿಂದರೂ ಏನೂ ಆಗಲ್ಲ ಅಂತಾರೆ. ನಾನು ಪಾವಗಡದವಳು, ಕಡಲೆಕಾಯಿ ಎಣ್ಣೆ ಇಲ್ಲದಿದ್ದರೆ ಅದು ಒಗ್ಗರಣೆಯೇ ಅಲ್ಲ! ಕೊಬ್ಬರಿ ಎಣ್ಣೆಯಲ್ಲಿ ಶೇ. 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಕಡಲೆಕಾಯಿ ಎಣ್ಣೆಯಲ್ಲಿ ಶೇ. 20ರ ಆಸುಪಾಸು. ಈ ಕೊಬ್ಬು ಜಾಸ್ತಿಯಾದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಆದರೆ ತೂಕದ ಲೆಕ್ಕಕ್ಕೆ ಎರಡೂ ಒಂದೇ, ಗ್ರಾಂಗೆ 9 ಕ್ಯಾಲೊರಿ. ಗಾಣದ್ದಾದರೂ ಅಷ್ಟೇ, ಪ್ಯಾಕೆಟ್ಟಿನದಾದರೂ ಅಷ್ಟೇ. (ಇದನ್ನು ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.)

ಇನ್ನೊಂದು ವಿಷಯ. ಜಾಸ್ತಿಯಾದ ಸಕ್ಕರೆಯನ್ನೂ ಲಿವರ್ ಕೊಬ್ಬಾಗಿ ಮಾಡಿಡುತ್ತದೆ, ಅಲ್ವಾ? ಇವರಿಗೋ ತಟ್ಟೆ ತುಂಬ ಅನ್ನ, ಸಿಹಿ ಕಾಫಿ, ಸಂಜೆ ಬೇಕರಿ ಪಫ್ಸ್. ಪಫ್ಸ್‌ನಲ್ಲಿ ವನಸ್ಪತಿ ಬೇರೆ. ಸುಮ್ನೆ ಒಗ್ಗರಣೆ ಎಣ್ಣೆ ಒಂದನ್ನೇ ಕಡಿಮೆ ಮಾಡಿದರೆ ಏನು ಬಂತು?

ಈ ತೊಂದರೆ ಇದ್ದು ಸುಧಾರಿಸಿಕೊಂಡವರು ಯಾರಾದರೂ ಇದ್ದೀರಾ? ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆಯಲ್ಲಿ ಅಡುಗೆ ಹೇಗೆ ಸರಿದೂಗಿಸುತ್ತೀರಿ? ನಮ್ಮ ಮುದ್ದೆ, ಸಾರು, ಉಪ್ಪೆಸರು ತಿಳಿದಿರುವ ಡಯಟೀಷಿಯನ್ ತುಮಕೂರಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಓಟ್ಸ್, ಆಲಿವ್ ಎಣ್ಣೆ ಅನ್ನೋರು ಬೇಡ.